ಗಿಬ್ಬಾರ್ಡ್–ಸ್ಯಾಟರ್ತ್‌ವೈಟ್ ಎರಡು ಹಾಳೆಗೆ ಇಳಿದದ್ದು

"ಎಂತ ಮಾರಾಯ್ರೆ, ಸಾಲ್ವರ್ 'ಸಾಧ್ಯ ಇಲ್ಲ' ಅಂದ ಕೂಡಲೇ ಅದು ಪ್ರೂಫ್ ಆಗ್ತದಾ?" ಹೋದ ಮಳೆಗಾಲದಲ್ಲಿ ನಮ್ಮ ವಿಭಾಗದ ಹಿರಿಯರು ಕೇಳಿದ ಮಾತಿದು. ಸಾಲ್ವರ್ ಅಂದರೆ, ಕೊಟ್ಟ ಷರತ್ತುಗಳನ್ನೆಲ್ಲ ಒಟ್ಟಿಗೆ ಪೂರೈಸಲು ಸಾಧ್ಯವಾ ಎಂದು ಹೇಳುವ ಪ್ರೋಗ್ರಾಂ. ನಾನು ಅದಕ್ಕೆ ಕೊಟ್ಟದ್ದು ಗಿಬ್ಬಾರ್ಡ್–ಸ್ಯಾಟರ್ತ್‌ವೈಟ್ ಪ್ರಮೇಯ: ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದು ಪ್ರತಿಯೊಂದೂ ಗೆಲ್ಲಬಹುದಾದರೆ, ಸುಳ್ಳು ಹೇಳಿ ಯಾರೂ ಲಾಭ ಪಡೆಯಲಾಗದ ಮತದಾನ ನಿಯಮ ಒಬ್ಬನೇ ಸರ್ವಾಧಿಕಾರಿಯದ್ದು ಮಾತ್ರ. ಈ ಫೆಬ್ರವರಿಯಲ್ಲಿ ಉತ್ತರ ಕೈಗೆ ಬಂತು.

ಇಬ್ಬರು ಮತದಾರರು, ಮೂರು ಆಯ್ಕೆ. 36 ಪ್ರೊಫೈಲ್ (ಇಬ್ಬರ ಆದ್ಯತೆಯ ಕ್ರಮಗಳ ಒಂದೊಂದು ಜೋಡಿ), 108 ಚರ (ಯಾವ ಪ್ರೊಫೈಲಿನಲ್ಲಿ ಯಾವುದು ಗೆಲ್ಲುತ್ತದೆ ಎಂಬುದಕ್ಕೆ ಒಂದೊಂದು). ಸುಳ್ಳು ಹೇಳಿ ಲಾಭ ಪಡೆಯಬಾರದು ಎಂಬುದಕ್ಕೇ 1,080 ಷರತ್ತು, ಉಳಿದದ್ದೆಲ್ಲ ಸೇರಿ ಸುಮಾರು 1,230. ಮತದಾನದ ಇನ್ನೊಂದು 'ಸಾಧ್ಯ ಇಲ್ಲ' ಪ್ರಮೇಯವಾದ ಆರೋ ಪ್ರಮೇಯಕ್ಕೆ 2009ರಲ್ಲಿ ಟ್ಯಾಂಗ್ ಮತ್ತು ಲಿನ್ ಹಿಡಿದ ದಾರಿಯೇ. ಹಳೇ ಲ್ಯಾಪ್‌ಟಾಪ್ ಸಾಕು. ಆದರೆ ನನಗೆ ಬೇಕಿದ್ದದ್ದು ಬೋರ್ಡಿನ ಮೇಲೆ ಬರೆಯಬಹುದಾದ ಪ್ರೂಫ್.

ಮೊದಲ ರಾತ್ರಿ ಸಾಲ್ವರ್ "ಸಾಧ್ಯ" ಅಂದಿತು. 1973ರ ಪ್ರಮೇಯವೇ ಬಿತ್ತಾ ಎಂದು ನಿದ್ದೆ ಬರಲಿಲ್ಲ. ಬೆಳಿಗ್ಗೆ ಬಿಡಿಸಿ ನೋಡಿದರೆ 36 ಕಡೆಯೂ ಒಂದೇ ಆಯ್ಕೆ ಗೆದ್ದಿದೆ. ಪ್ರತಿ ಆಯ್ಕೆಯೂ ಎಲ್ಲಾದರೂ ಒಂದು ಕಡೆ ಗೆಲ್ಲಬೇಕು ಎಂಬ ಮೂರು ಸಾಲು ಬಿಟ್ಟುಹೋಗಿತ್ತು.

ಆಮೇಲೆ ಆಸೆಗೆ ಬಿದ್ದು ನಾಲ್ಕು ಆಯ್ಕೆಗೆ ಹೋದೆ. 2,304 ಚರ, ಒಂದೂವರೆ ಲಕ್ಷ ದಾಟಿದ ಷರತ್ತು. ಅದರಿಂದ ಓದಬಹುದಾದ ಚಿಕ್ಕ ವಿರೋಧ (ಒಟ್ಟಿಗೆ ನಿಲ್ಲಲಾಗದ ಷರತ್ತುಗಳ ಗುಂಪು) ಹೆಕ್ಕಲು ಕ್ಲೌಡ್ ಬಾಡಿಗೆಗೆ ಏಳು ಸಾವಿರದಷ್ಟು ಸುರಿದೆ, ಎಲ್ಲ ನೀರುಪಾಲು. ಮನೆಯಲ್ಲೇ ಓಡಿಸೋಣವೆಂದರೆ ಜುಲೈಯ ಮಂಗಳೂರು ಮಳೆಗೆ ಕರೆಂಟು ಇರುವುದಿಲ್ಲ. ಯುಪಿಎಸ್ ಬ್ಯಾಟರಿಗೆ ಮತ್ತೆ ಐದು ಸಾವಿರ.

ಮೂರಕ್ಕೇ ವಾಪಸು ಬಂದೆ. ಅತಿ ಚಿಕ್ಕ ಗುಂಪೇ ಓದಲು ಸುಲಭ ಎಂದುಕೊಂಡದ್ದು ನನ್ನ ದೊಡ್ಡ ತಪ್ಪು. ಚಿಕ್ಕದ್ದು ಪ್ರೊಫೈಲಿನಿಂದ ಪ್ರೊಫೈಲಿಗೆ ಹಾರುತ್ತದೆ, ಮನುಷ್ಯನಿಗೆ ಜಾಡು ಸಿಗುವುದಿಲ್ಲ. ನೂರಾರು ಗುಂಪು ತೆಗೆಸಿ, ಒಂದು ಸಲಕ್ಕೆ ಒಬ್ಬನೇ ಮತದಾರ ತನ್ನ ಕ್ರಮ ಬದಲಿಸುತ್ತ ಸಾಗುವ ಗುಂಪನ್ನು ಆರಿಸಿದೆ. ಯಾವ ಸಮ್ಮಿತಿಯನ್ನು (ಹೆಸರು ಅದಲುಬದಲು ಮಾಡಿದರೂ ಬದಲಾಗದ ಹೋಲಿಕೆ) ಮೊದಲು ಮುರಿದೆ ಎಂಬುದು ಪ್ರಬಂಧ ಅಚ್ಚಾಗುವ ತನಕ ನನ್ನಲ್ಲೇ ಇರಲಿ. ಎರಡರಿಂದ ಎಷ್ಟೇ ಜನಕ್ಕೆ ಏರುವ ಇಂಡಕ್ಷನ್ ಕೈಯಲ್ಲೇ ಮಾಡಿದ್ದು.

ನಡುವೆ ಒಂದೇ ಶಿಖರದ ಆದ್ಯತೆಗಳನ್ನೂ (ಆಯ್ಕೆಗಳನ್ನು ಸಾಲಾಗಿಟ್ಟರೆ, ಮೆಚ್ಚಿನದರಿಂದ ದೂರ ಹೋದಷ್ಟೂ ಇಷ್ಟ ಕಡಿಮೆ) ಕೊಟ್ಟು ನೋಡಿದೆ: ಆರರಲ್ಲಿ ನಾಲ್ಕೇ ಕ್ರಮ, 16 ಪ್ರೊಫೈಲ್. ತಟ್ಟನೆ "ಸಾಧ್ಯ" ಬಂತು. ಇಬ್ಬರ ಮೆಚ್ಚಿನದರಲ್ಲಿ ಎಡಗಡೆಯದನ್ನು ಆರಿಸುವ ನಿಯಮ. 1980ರಲ್ಲಿ ಅರ್ಥಶಾಸ್ತ್ರಜ್ಞ ಮೂಲಾಂ ಕೊಟ್ಟ ನಿಯಮಗಳ ಕುಟುಂಬದ್ದೇ. ನೋಡಿ ಖುಷಿಯಾಯಿತು. ಕ್ಯಾಂಟೀನಿನಲ್ಲಿ ಮೂವತ್ತು ಚಿಲ್ಲರೆ ಮಕ್ಕಳಿಂದ ಬನ್ಸ್, ಗೋಳಿಬಜೆ, ನೀರುದೋಸೆಗೆ ಕ್ರಮ ಬರೆಸಿಕೊಂಡೆ, ಕಾಂಡೋರ್ಸೆ ಚಕ್ರ (ಬಹುಮತದಲ್ಲಿ ಒಂದು ಎರಡನೆಯದನ್ನು, ಅದು ಮೂರನೆಯದನ್ನು, ಅದು ಮತ್ತೆ ಮೊದಲನೆಯದನ್ನು ಸೋಲಿಸುವುದು) ಸಿಕ್ಕೀತೆಂದು. ಸಿಗಲಿಲ್ಲ, ಗೋಳಿಬಜೆ ಉಳಿದೆರಡನ್ನೂ ಸೋಲಿಸಿತು.

ಹಿರಿಯರು ಎರಡು ಸಂಜೆ ಪೆನ್ಸಿಲು ಹಿಡಿದು ಕೂತು, ಹದಿನಾಲ್ಕನೇ ಸಾಲಿನಲ್ಲಿ ಒಂದು ಅಕ್ಷರ ತಿದ್ದಿದರು. ಈಗ ಎಂ.ಎ. ಮಕ್ಕಳಿಗೆ ಆ ಎರಡು ಹಾಳೆ ಕೊಡುತ್ತಿರುವುದು ಅವರೇ.