ಎಕ್ಸ್‌ಪಾತ್ ತಪ್ಪು: ಖಾಲಿ ಉತ್ತರ ಬಂದರೆ ನಂಬಬೇಡಿ

ಮಾಹಿತಿಯನ್ನು ಹೆಸರಿಟ್ಟ ಅಂಶಗಳಾಗಿ ಜೋಡಿಸಿಡುವ ಎಕ್ಸ್‌ಎಂಎಲ್ ಕಡತದಿಂದ ಮಾಹಿತಿ ಹೆಕ್ಕಲು ಎಕ್ಸ್‌ಪಾತ್, ಅಂದರೆ ಬೇಕಾದ ಅಂಶಕ್ಕೆ ದಾರಿ ತೋರಿಸುವ ಸೂತ್ರ, ಬರೆಯುವಾಗ ಆವರಣ ಚಿಹ್ನೆ ಬಿಟ್ಟುಹೋದರೆ ಚಿಂತೆಯಿಲ್ಲ, ಎಡಿಟರ್ ಕೆಂಪು ಗೆರೆ ಎಳೆಯುತ್ತದೆ. ಕಾಡುವುದು ಸದ್ದಿಲ್ಲದ ತಪ್ಪು. ‘/ಮಳಿಗೆ/ಪುಸ್ತಕ/ಬೆಲೆ’ ಎಂದು ಬರೆಯಬೇಕಾದಲ್ಲಿ ‘ಬೆಲ’ ಎಂದು ಬರೆದರೆ ವ್ಯಾಕರಣ ಸರಿಯಾಗಿಯೇ ಇರುತ್ತದೆ. ಆದರೆ ಏನೂ ಸಿಗುವುದಿಲ್ಲ. ಮೊತ್ತ ಕೇಳಿದರೆ ಸೊನ್ನೆ ಎನ್ನುತ್ತದೆ, ಬಿಲ್ಲಿನಲ್ಲೂ ಸೊನ್ನೆಯೇ ಅಚ್ಚಾಗುತ್ತದೆ.

ಆದ್ದರಿಂದ ಪ್ರೋಗ್ರಾಮಿಗೆ ಸೇರಿಸುವ ಮೊದಲೇ ಆಕ್ಸಿಜನ್ ಅಥವಾ ಬೇಸ್‌ಎಕ್ಸ್‌ನಂತಹ ಸಾಧನದಲ್ಲಿ ಮಾದರಿ ಕಡತದ ಮೇಲೆ ಓಡಿಸಿ, ‘ಕೌಂಟ್’ ಫಂಕ್ಷನ್ ಹಾಕಿ ಎಷ್ಟು ಸಿಕ್ಕಿತೆಂದು ಎಣಿಸಿ. ಸಾಧನದಲ್ಲೂ ಪ್ರೋಗ್ರಾಮಿನಲ್ಲೂ ಎಕ್ಸ್‌ಪಾತ್ ಆವೃತ್ತಿ ಒಂದೇ ಇರಲಿ. ಎಕ್ಸ್‌ಎಂಎಲ್‌ಲಿಂಟ್ ಎಂಬ ಸಾಧನಕ್ಕೆ 1999ರ 1.0 ಮಾತ್ರ ಗೊತ್ತು, 2017ರ 3.1ರ ಸೌಲಭ್ಯಗಳನ್ನು ಅದರಲ್ಲಿ ಪರೀಕ್ಷಿಸಲು ಹೋದರೆ ನಿಮ್ಮದಲ್ಲದ ತಪ್ಪಿಗೂ ಬೈಸಿಕೊಳ್ಳಬೇಕಾಗುತ್ತದೆ.

ದೋಷ ಸಂಕೇತ ಕಂಡರೆ ಅದರ ಮೂರನೆಯ ಅಕ್ಷರ ನೋಡಿ. ‘ಎಕ್ಸ್‌ಪಿಎಸ್‌ಟಿ0008’ (XPST0008) ಎಂಬುದರಲ್ಲಿ ಅದು ‘ಎಸ್’, ಅಂದರೆ ದತ್ತಾಂಶ ಮುಟ್ಟುವ ಮೊದಲೇ ಹಿಡಿಯಬಹುದಾದ ತಪ್ಪು. ಇಲ್ಲಿ ಘೋಷಿಸದ ಹೆಸರನ್ನು ಬಳಸಿದ್ದೀರಿ. ಅದೇ ಅಕ್ಷರಗಳ ಮುಂದೆ 0017 ಇದ್ದರೆ ಫಂಕ್ಷನ್ನಿನ ಹೆಸರೋ ಅದಕ್ಕೆ ಕೊಟ್ಟ ಮೌಲ್ಯಗಳ ಸಂಖ್ಯೆಯೋ ತಪ್ಪಾಗಿದೆ. ‘ಡಿ’ ಇದ್ದರೆ ಓಡುವಾಗಿನ ತಪ್ಪು, ‘ಟಿ’ ಇದ್ದರೆ ಮೌಲ್ಯದ ವಿಧ (ಅಂಕಿಯೋ ಪಠ್ಯವೋ ಎಂಬುದು) ಹೊಂದಿಲ್ಲ.

ಸಂಕೇತವೇ ಇಲ್ಲದೆ ಖಾಲಿ ಬಂದರೆ ನನ್ನ ಮೊದಲ ಅನುಮಾನ ನೇಮ್‌ಸ್ಪೇಸ್ ಮೇಲೆ, ಅಂದರೆ ಅಂಶದ ಹೆಸರು ಯಾವ ಮನೆತನಕ್ಕೆ ಸೇರಿದ್ದೆಂದು ಹೇಳುವ ವಿಳಾಸದ ಮೇಲೆ. ಕಡತದ ಮೂಲ ಅಂಶದಲ್ಲಿ ‘ಎಕ್ಸ್‌ಎಂಎಲ್‌ಎನ್‌ಎಸ್’ ಇದ್ದರೆ ಒಳಗಿನ ‘ಪುಸ್ತಕ’ವೂ ಆ ಮನೆತನಕ್ಕೇ ಸೇರುತ್ತದೆ. ಎಕ್ಸ್‌ಪಾತ್ 1.0ರಲ್ಲಿ ಬರೀ ‘ಪುಸ್ತಕ’ ಎಂದರೆ ಮನೆತನವಿಲ್ಲದ ಪುಸ್ತಕ ಎಂದೇ ಅರ್ಥ. ಎರಡೂ ಕಣ್ಣಿಗೆ ಒಂದೇ, ಹೊಂದುವುದು ಮಾತ್ರ ಇಲ್ಲ. ಸಾಧನದಲ್ಲಿ ಆ ವಿಳಾಸಕ್ಕೆ ‘ಪು’ ಎಂಬ ಪೂರ್ವಪದ ನೋಂದಾಯಿಸಿ, ‘ಪು:ಪುಸ್ತಕ’ ಎಂದು ಬರೆಯಿರಿ.

ಮುಂದೆಯೂ ಮೋಸ ಹೋಗದಿರಲು, ಎಕ್ಸ್‌ಪಾತನ್ನೇ ಒಳಗೊಂಡ ಪ್ರಶ್ನೆಭಾಷೆ ಎಕ್ಸ್‌ಕ್ವೆರಿಯಲ್ಲಿ ಒಂದಾದರೂ ಸಿಗಲೇಬೇಕಾದ ಕಡೆ ‘ಒನ್-ಆರ್-ಮೋರ್’ ಫಂಕ್ಷನ್ ಸುತ್ತಿ. ಆಗ ಖಾಲಿ ಉತ್ತರ ಸುಮ್ಮನೆ ದಾಟಿಹೋಗದೆ ದೋಷವಾಗಿ ನಿಲ್ಲುತ್ತದೆ.

ಅಂಶಗಳಿಗೆ ಕನ್ನಡದಲ್ಲೇ ಹೆಸರಿಡಲು ಎಕ್ಸ್‌ಎಂಎಲ್ ಅಡ್ಡಿ ಮಾಡುವುದಿಲ್ಲ. ಒಂದು ಕಿರಿಕಿರಿ ಮಾತ್ರ ಉಂಟು: ‘ಬಿಲ್’ ಎಂಬುದರ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಸೇರಿಕೊಂಡಿರಬಹುದು. ಅಕ್ಷರ ಎಣಿಸುವ ‘ಸ್ಟ್ರಿಂಗ್-ಲೆಂತ್’ ಫಂಕ್ಷನ್ ಕೇಳಿ ನೋಡಿ, (ಬ, ಇಕಾರದ ಗುರುತು, ಲ, ಅರ್ಧಾಕ್ಷರದ ಗುರುತು ಸೇರಿ) 4 ಬರಬೇಕಾದಲ್ಲಿ 5 ಬಂದರೆ ಕಳ್ಳ ಅಲ್ಲೇ ಇದ್ದಾನೆ.