ತೆಂಗಿನ ಜಾಡು ಹಿಡಿದು 118 ದಿನ

2023ರ ಕೊನೆಗೆ ನಮ್ಮ ಕೊಬ್ಬರಿ ಅಟ್ಟ ತುಂಬಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಬಿದ್ದುಹೋಗಿತ್ತು. ಅದೇ ವರ್ಷ ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರ ಕೆಲಸದಿಂದ ನಿವೃತ್ತರಾದರು. ಮಗಳ ಮದುವೆಯಾಗಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಇವರು ಅಂದರು: "ಕಾಯಿ ಅಟ್ಟದಲ್ಲಿ ಅದರ ಪಾಡಿಗೆ ಇರುತ್ತೆ. ನಾವು ಎಲ್ಲಾದ್ರೂ ಹೋಗಿಬರೋಣ ಕಣೇ. ಒಂದು ವಾರ ಅಲ್ಲ, ನಾಲ್ಕು ತಿಂಗಳು."

ನಮ್ಮ ಕಡೆಯ ಉಂಡೆ ಕೊಬ್ಬರಿ ಗೊತ್ತಿಲ್ಲದವರಿಗೆ ಒಂದು ಮಾತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹತ್ತು, ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗುತ್ತದೆ. ಕೊಬ್ಬರಿ ಚಿಪ್ಪು ಬಿಡುತ್ತದೆ. ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುತ್ತದೆ. ಅಲ್ಲಿಯವರೆಗೆ ಅವಸರ ಮಾಡುವ ಹಾಗಿಲ್ಲ. ನಮಗೆ ಪ್ರವಾಸಕ್ಕೆ ಬಿಡುವು ಕೊಟ್ಟಿದ್ದೇ ಈ ಕಾಯಿ.

ಆಗ ನನಗೆ 54, ಅವರಿಗೆ 60. ಮದುವೆಯಾಗಿ 33 ವರ್ಷ. ತುಂಬಿದ ಮನೆಯಲ್ಲಿ ನಾವಿಬ್ಬರೇ ಒಂದು ಇಡೀ ದಿನ ಕಳೆದದ್ದು ನನಗೆ ನೆನಪಿಲ್ಲ. ಕಾಶಿಗೆ ಹೋಗುವ ವಯಸ್ಸಲ್ಲಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಎಲ್ಲಿಗೆ ಅಂತ ಊರಲ್ಲಿ ಕೇಳಿದವರಿದ್ದಾರೆ. ಅತ್ತೆಗೆ ಆಗ 84. ಅವರೇ "ಹೋಗ್ಬನ್ನಿ, ಮೊಣಕಾಲು ಗಟ್ಟಿ ಇರೋವಾಗ್ಲೇ ಹೋಗ್ಬನ್ನಿ" ಅಂದರು. ತೋಟ, ಹಸು, ಅತ್ತೆ ಮೂರನ್ನೂ ಮೈದುನ ಮತ್ತು ಓರಗಿತ್ತಿ ನೋಡಿಕೊಂಡರು. ಆ ಇಬ್ಬರು ಇಲ್ಲದಿದ್ದರೆ ಈ ಪ್ರವಾಸವೇ ಇಲ್ಲ.

ಎಲ್ಲಿಗೆ ಅನ್ನುವುದಕ್ಕೆ ನಾವು ತುಂಬಾ ತಲೆ ಕೆಡಿಸಿಕೊಳ್ಳಲಿಲ್ಲ. ನಮಗೆ ಗೊತ್ತಿರುವುದು ತೆಂಗು. ತೆಂಗು ಬೆಳೆಯುವ ದೇಶಗಳಿಗೇ ಹೋಗೋಣ, ಅಲ್ಲಿಯವರು ಹೇಗೆ ಬೆಳೆಯುತ್ತಾರೆ, ಹೇಗೆ ಕೀಳುತ್ತಾರೆ, ಏನು ತಿನ್ನುತ್ತಾರೆ ನೋಡೋಣ ಅಂದುಕೊಂಡೆವು. ಇದು ನಾವು ಮಾಡಿದ ಅತ್ಯಂತ ಒಳ್ಳೆಯ ತೀರ್ಮಾನ. ಭಾಷೆ ಬಾರದ ಕಡೆ ತೆಂಗಿನ ಮರ ತೋರಿಸಿ, ಮೊಬೈಲ್‌ನಲ್ಲಿ ನಮ್ಮ ತೋಟದ ಫೋಟೋ ತೋರಿಸಿದರೆ ಸಾಕಿತ್ತು, ಒಳಗೆ ಕರೆದು ಕೂರಿಸುತ್ತಿದ್ದರು.

ದಾರಿಯನ್ನು ಗೊತ್ತು ಮಾಡಿದ್ದು ಮಳೆ. ಶ್ರೀಲಂಕಾದ ನೈರುತ್ಯ ಭಾಗದಲ್ಲಿ ಜನವರಿ ಒಣ ಕಾಲ. ಥಾಯ್ಲೆಂಡಿನ ಸಮುಯಿ ದ್ವೀಪಕ್ಕೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್, ಹಾಗಾಗಿ ಫೆಬ್ರವರಿ ಸರಿ. ವಿಯೆಟ್ನಾಂನ ದಕ್ಷಿಣಕ್ಕೆ ಮಾರ್ಚ್ ಬೇಸಿಗೆ. ಜಾವಾ, ಬಾಲಿಯಲ್ಲಿ ಏಪ್ರಿಲ್ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ. ಇದನ್ನೆಲ್ಲ ಇವರು ಹಳೇ ಡೈರಿಯಲ್ಲಿ ಗೆರೆ ಎಳೆದು ಬರೆದರು. ಆಗ ಶ್ರೀಲಂಕಾ, ಥಾಯ್ಲೆಂಡ್, ಮಲೇಷ್ಯಾ ಮೂರೂ ದೇಶ ನಮ್ಮವರನ್ನು 30 ದಿನಕ್ಕೆ ವೀಸಾ ಶುಲ್ಕ ಇಲ್ಲದೆ ಬಿಡುತ್ತಿದ್ದವು. ಇಂಥ ನಿಯಮ ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲೇ ನೋಡಿ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು.

ಬ್ಯಾಗಿನ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. ಕಡಿಮೆ ದರದ ಹಲವು ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆ.ಜಿ. ಮಿತಿ. ಕಾಯಿ ತೂಗುವ ಕೊಕ್ಕೆ ತಕ್ಕಡಿಗೆ ಇವರ ಬ್ಯಾಗ್ ನೇತುಹಾಕಿದರೆ 13 ಕೆ.ಜಿ. ಬಂತು. ಮೂರು ಸಲ ಬಿಚ್ಚಿ ಕಟ್ಟಿದೆವು. ಕೊನೆಗೆ ಇಬ್ಬರಿಗೂ ಮೂರು ಮೂರು ಜೊತೆ ಬಟ್ಟೆ, ಒಂದು ಜೊತೆ ಸ್ಯಾಂಡಲ್, ಔಷಧಿ, ಅರ್ಧ ಲೀಟರಿನ ಎಲೆಕ್ಟ್ರಿಕ್ ಕುಕ್ಕರ್, ಒಂದು ಕೆ.ಜಿ. ರಾಗಿ ಹುರಿಹಿಟ್ಟು, ಚಟ್ನಿಪುಡಿ. ನನ್ನ ಹಳೇ ಕಾಟನ್ ಸೀರೆ ಒಂದನ್ನು ಬಿಡಲಿಲ್ಲ. ರೈಲಿನಲ್ಲಿ ಅದು ಹೊದಿಕೆ, ರೂಮಿನಲ್ಲಿ ಪರದೆ, ದೋಣಿಯಲ್ಲಿ ಬಿಸಿಲಿಗೆ ನೆರಳು. ಒಂದು ಗಂಟೆಯಲ್ಲಿ ಒಣಗುತ್ತಿತ್ತು. ದುಬಾರಿ ಪ್ರವಾಸಿ ಬಟ್ಟೆಗಳಿಗಿಂತ ಆ ಸೀರೆಯೇ ಮೇಲು. ಬ್ಯಾಗ್ ಹೊತ್ತು ನಡೆಯುವ ಅಭ್ಯಾಸಕ್ಕೆ ದಿನಾ ಬೆಳಿಗ್ಗೆ ತೋಟ ಸುತ್ತಿದೆವು. ಒಂದು ಸಲ ದೇವರಾಯನದುರ್ಗ ಹತ್ತಿದೆವು. ಅಲ್ಲಿ ನನ್ನ ಬಲ ಭುಜ ನೋಯಿತು, ಪಟ್ಟಿ ಸರಿ ಮಾಡಿಕೊಂಡೆ. ಮನೆಯಲ್ಲೇ ಇದು ಗೊತ್ತಾಗಿದ್ದು ಒಳ್ಳೆಯದಾಯಿತು.

2024ರ ಜನವರಿ 6ಕ್ಕೆ ಬೆಂಗಳೂರಿನಿಂದ ಕೊಲಂಬೊಗೆ ಹಾರಿದೆವು.

ಕುರುನೆಗಲ ಕಡೆ ಒಂದು ಹಳ್ಳಿಮನೆಯಲ್ಲಿ ಒಂಬತ್ತು ದಿನ ಉಳಿದೆವು. ಶ್ರೀಲಂಕಾದ ತೆಂಗಿನ ಸೀಮೆ ಅದು. ಮೊದಲ ದಿನ ಬೆಳಿಗ್ಗೆ ಆ ಮನೆಯ ಅಜ್ಜಿ ನೆಲದ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಮಣೆ ತೋರಿಸಿ ಇದಕ್ಕೆ ಏನಂತೀರಿ ಅಂತ ಕೈಸನ್ನೆಯಲ್ಲಿ ಕೇಳಿದೆ. "ಹಿರಮನಯ" ಅಂದರು. ನನ್ನ ತಾಯಿ ಮಲೆನಾಡಿನವರು, ಅವರ ಬಾಯಲ್ಲಿ ಅದು ಹೆರೆಮಣೆ! ಕಣ್ಣಲ್ಲಿ ನೀರು ಬಂತು. ಅಜ್ಜಿಯನ್ನು ಎಬ್ಬಿಸಿ ನಾನು ಕೂತು ನಾಲ್ಕು ಕಾಯಿ ತುರಿದೆ. ಅಲ್ಲಿಂದ ಆ ಮನೆಯ ಅಡುಗೆಮನೆ ನನ್ನದೂ ಆಯಿತು. ಅವರ ಪೊಲ್ ಸಂಬೋಲ ನಮ್ಮ ಕಾಯಿ ಚಟ್ನಿಯ ಅಕ್ಕನ ಹಾಗಿದೆ. ರುಬ್ಬುವುದಿಲ್ಲ, ತುರಿಗೆ ಖಾರ, ಈರುಳ್ಳಿ, ನಿಂಬೆ ಹಾಕಿ ಕುಟ್ಟುತ್ತಾರೆ. ನಾವು ಸಸ್ಯಾಹಾರಿಗಳು. ಎಷ್ಟೋ ಕಡೆ ಅದಕ್ಕೆ ಒಣಮೀನಿನ ಚೂರು ಹಾಕುತ್ತಾರೆ, ಅದನ್ನು "ಉಂಬಲಕಡ" ಅಂತಾರೆ. ಆ ಪದ ಕಲಿತು, ಅದು ಬೇಡ ಅಂತ ಮೊದಲೇ ಹೇಳುವುದು ರೂಢಿ ಮಾಡಿಕೊಂಡೆವು.

ಕಲುತರ ಕಡೆ ಶೇಂದಿ ಇಳಿಸುವವರು ಒಂದು ಮರದ ತುದಿಯಿಂದ ಇನ್ನೊಂದು ಮರದ ತುದಿಗೆ ಹಗ್ಗ ಕಟ್ಟಿ ಅದರ ಮೇಲೇ ನಡೆದು ಹೋಗುತ್ತಾರೆ. ಮರ ಮರಕ್ಕೂ ಹತ್ತಿ ಇಳಿಯುವ ಕೆಲಸ ಉಳಿಯುತ್ತದೆ. ಇವರು ಕತ್ತು ನೋಯುವವರೆಗೆ ನೋಡಿದರು. ನಮ್ಮಲ್ಲಿ ಕಾಯಿ ಕೀಳುವವರು ಸಿಗದೆ ದೋಟಿ ಹಿಡಿದು ಒದ್ದಾಡುವ ನಮಗೆ ಆ ಮನುಷ್ಯನ ಮೇಲೆ ಎಷ್ಟು ಗೌರವ ಬಂತು ಅಂತ ಹೇಳಲಾರೆ.

ಕ್ಯಾಂಡಿಯಲ್ಲಿ ನಮ್ಮ ಮೊದಲ ದೊಡ್ಡ ಜಗಳ. ದಾರಿ ತಪ್ಪಿತ್ತು, ಬಿಸಿಲು, ಹಸಿವು. ಇವರು ಮ್ಯಾಪ್ ಬಿಟ್ಟುಕೊಡಲ್ಲ, ನಾನು ಮಾತಾಡಲ್ಲ. ಸಂಜೆ ಕೆರೆ ದಂಡೆಯಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಒಂದು ದಿನ ಅವರ ಯಜಮಾನಿಕೆ, ಮರುದಿನ ನನ್ನದು. ಎಲ್ಲಿ ಉಳಿಯಬೇಕು, ಏನು ತಿನ್ನಬೇಕು, ಯಾವ ಬಸ್ಸು, ಎಲ್ಲ ಆ ದಿನದವರು ಹೇಳಿದ ಹಾಗೆ. ಇನ್ನೊಬ್ಬರು ಅಡ್ಡ ಮಾತಾಡುವ ಹಾಗಿಲ್ಲ. ವಾರಕ್ಕೆ ಅರ್ಧ ದಿನ ಬೇರೆ ಬೇರೆ ತಿರುಗಾಟ. ನನ್ನ ಮೊದಲ ಸರದಿಯ ದಿನ ಟಿಕೆಟ್ ಕೌಂಟರ್ ಮುಂದೆ ನಿಂತಾಗ ಕೈ ನಡುಗಿತು. 33 ವರ್ಷದಲ್ಲಿ ಎಲ್ಲಿಗೆ ಹೋಗಬೇಕು ಅಂತ ನಾನೊಬ್ಬಳೇ ತೀರ್ಮಾನಿಸಿದ್ದೇ ಇಲ್ಲ, ಅಲ್ವಾ? ತಿಂಗಳು ಕಳೆಯುವುದರೊಳಗೆ ಇವರೇ "ಇವತ್ತೂ ನೀನೇ ನೋಡ್ಕೋ" ಅನ್ನತೊಡಗಿದರು. ಜೋಡಿಯಾಗಿ ಹೊರಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಸರದಿ ಇಟ್ಟುಕೊಳ್ಳಿ.

ಥಾಯ್ಲೆಂಡಿನ ಅಂಫಾವದಲ್ಲಿ ತೆಂಗಿನ ಹೊಂಬಾಳೆಯ ರಸ ಇಳಿಸಿ, ದೊಡ್ಡ ಬಾಣಲೆಯಲ್ಲಿ ಕಾಯಿಸಿ ಸಕ್ಕರೆ ಮಾಡುತ್ತಾರೆ. ಮುಂಜಾನೆ ಹೋದರೆ ಆಲೆಮನೆಯ ವಾಸನೆ. ಬಿಸಿ ಸಕ್ಕರೆಗೆ ನಾನು ಹುರಿಹಿಟ್ಟು ಕಲಸಿ ಉಂಡೆ ಕಟ್ಟಿ ಅವರಿಗೂ ಕೊಟ್ಟೆ. ಒಲೆ ಮುಂದಿದ್ದ ಹೆಂಗಸು ಎರಡು ಕೇಳಿ ತಿಂದರು. ಆ ಸೀಮೆಯ ಗಿಡ್ಡ ತಳಿಯ ಎಳನೀರಿಗೆ ಒಂದು ಸುವಾಸನೆ ಇದೆ. ಅದರ ಎರಡು ಬಿತ್ತನೆ ಕಾಯಿ ತರಬೇಕು ಅಂತ ಇವರು ಹಠ ಹಿಡಿದರು. ಬೇಡ ಅಂದೆ. ಪರವಾನಗಿ ಇಲ್ಲದೆ ಹೊರದೇಶದ ಸಸಿ, ಬಿತ್ತನೆ ಕಾಯಿ ತರುವುದು ಕಾನೂನಿಗೆ ವಿರುದ್ಧ. ಕಾನೂನು ಬಿಡಿ. 1998ರಲ್ಲಿ ಕೇರಳದಲ್ಲಿ ಮೊದಲು ಕಂಡ ನುಸಿ ನಮ್ಮ ತೋಟಕ್ಕೂ ಬಂದು ಕಾಯಿಗಳನ್ನೆಲ್ಲ ಸೊರಗಿಸಿದ್ದನ್ನು ನಾವೇ ಅನುಭವಿಸಿದ್ದೇವೆ. ಒಂದು ಕಾಯಿಯಲ್ಲಿ ಯಾವ ಹುಳ, ಯಾವ ರೋಗ ಕೂತಿರುತ್ತದೋ ಯಾರು ಬಲ್ಲರು? ಇವರು ಒಪ್ಪಿದರು. ಆ ಎಳನೀರಿನ ನೆನಪು ಮಾತ್ರ ತಂದೆವು.

ಸಮುಯಿಯಲ್ಲಿ ಕಾಯಿ ಕೀಳಲು ಕೋತಿಗಳನ್ನು ಪಳಗಿಸುತ್ತಾರೆ. ಕುತ್ತಿಗೆಗೆ ಸರಪಳಿ. ನಾನು ಎರಡು ನಿಮಿಷ ನೋಡಿ ವಾಪಸ್ ಬಂದೆ. ಪ್ರದರ್ಶನಕ್ಕೆ ದುಡ್ಡು ಕೊಡಲಿಲ್ಲ.

ಅದೇ ದ್ವೀಪದಲ್ಲಿ ಇವರಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಮೈಯೆಲ್ಲ ಮುರಿದ ಹಾಗೆ. ಡೆಂಗಿ. ಆಸ್ಪತ್ರೆಯಲ್ಲಿ ನಾಲ್ಕು ದಿನ, ಆಮೇಲೆ ರೂಮಿನಲ್ಲಿ ಐದು ದಿನ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ, ರಕ್ತಸ್ರಾವ ಆಗಬಹುದು ಅಂತ ವೈದ್ಯರು ಖಡಾಖಂಡಿತವಾಗಿ ಹೇಳಿದರು. ನನ್ನ ಚೀಲದಲ್ಲಿ ಬೇರೆ ನೋವಿನ ಮಾತ್ರೆ ಇತ್ತು, ದೇವರು ದೊಡ್ಡವನು, ಕೊಟ್ಟಿರಲಿಲ್ಲ. ಡೆಂಗಿ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ನಾವು ರಾತ್ರಿ ಮಾತ್ರ ಸೊಳ್ಳೆ ಮುಲಾಮು ಹಚ್ಚುತ್ತಿದ್ದೆವು. ವಿಮೆ ಮಾಡಿಸಿದ್ದೆವು, ಆದರೆ ಬಿಲ್ಲು ಮೊದಲು ನಾವೇ ಕಟ್ಟಬೇಕಾಯಿತು. ಒಂದು ರಸೀದಿಯ ಮೂಲಪ್ರತಿ ಇಲ್ಲ ಅಂತ ಆಮೇಲೆ ಸ್ವಲ್ಪ ದುಡ್ಡು ಹಿಡಿದರು. ಪ್ರತಿ ಚೀಟಿಯನ್ನೂ ಇಟ್ಟುಕೊಳ್ಳಿ. ಕಷ್ಟಕ್ಕೆ ಅಂತ ಬೇರೆ ಖಾತೆಯಲ್ಲಿ ದುಡ್ಡಿರಲಿ. ಆ ಒಂಬತ್ತು ರಾತ್ರಿ ನಾನು ಕುಕ್ಕರಿನಲ್ಲಿ ಗಂಜಿ ಮಾಡಿದೆ. ವಾಪಸ್ ಹೋಗೋಣವಾ ಅಂತ ಕೇಳಿದ್ದಕ್ಕೆ ಇವರು ಬೇಡ ಅಂತ ತಲೆ ಅಲ್ಲಾಡಿಸಿದರು, ಮಾತಾಡುವಷ್ಟು ಶಕ್ತಿ ಇರಲಿಲ್ಲ.

ಕಾಂಬೋಡಿಯಾದಲ್ಲಿ ಒಂದು ವಾರ. ಅಂಕೋರ್‌ನ ಹಳೇ ದೇಗುಲಗಳಿಗೆ ಮೂರು ದಿನದ ಟಿಕೆಟ್ ತಲಾ 62 ಡಾಲರ್. ಸ್ವಲ್ಪ ಹರಿದ ಡಾಲರ್ ನೋಟನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ, ಹೊಸ ನೋಟು ಒಯ್ಯಿರಿ. ಅಲ್ಲಿಂದ ಬಸ್ಸಿನಲ್ಲಿ ವಿಯೆಟ್ನಾಂ. ಯಾವ ಗಡಿಯಿಂದ ಒಳಗೆ ಬರುತ್ತೇವೆ ಅಂತ ಅವರ ಇ-ವೀಸಾದಲ್ಲಿ ಬರೆಯಬೇಕು. ಸರಿಯಾಗಿ ನೋಡಿ ಬರೆಯಿರಿ.

ಮೆಕಾಂಗ್ ಮುಖಜ ಭೂಮಿಯ ಬೆನ್ ತ್ರೆ ವಿಯೆಟ್ನಾಂನ ತೆಂಗಿನ ತವರು. ನಾರು, ಚಿಪ್ಪು, ನೀರು, ಗರಿ, ಏನೂ ಬಿಸಾಡುವುದಿಲ್ಲ. ತೆಂಗಿನ ಹಾಲಿನ ಮಿಠಾಯಿಯನ್ನು ಮನೆಮನೆಯಲ್ಲೂ ಎಳೆದು ಕತ್ತರಿಸುತ್ತಾರೆ. ಎತ್ತ ನೋಡಿದರೂ ಹೊಳೆ, ಕಾಲುವೆ. ನಾವು ಬೋರ್‌ವೆಲ್ ಕೊರೆಸಿ ಕೊರೆಸಿ ಸೋತ ಸೀಮೆಯವರು. ಈ ಜನ ಎಷ್ಟು ಪುಣ್ಯವಂತರು ಅಂದುಕೊಂಡೆ. ಮರುದಿನ ಬೆಳಿಗ್ಗೆ ಮನೆಯೊಡತಿ ಹೊಳೆ ನೀರನ್ನು ಬೆರಳಲ್ಲಿ ಅದ್ದಿ ನನ್ನ ನಾಲಗೆಗೆ ಮುಟ್ಟಿಸಿದರು. ಉಪ್ಪು! ಬೇಸಿಗೆಯಲ್ಲಿ ಮೇಲಿಂದ ಬರುವ ನೀರು ಕಡಿಮೆಯಾದರೆ ಸಮುದ್ರದ ನೀರು ಹೊಳೆಯೊಳಗೆ ನುಗ್ಗುತ್ತದೆ. 2024ರಲ್ಲಿ ಅದು ಜೋರಾಗಿತ್ತು. ಕುಡಿಯುವ ನೀರು ಕೊಳ್ಳುತ್ತಿದ್ದರು, ಮಳೆನೀರಿನ ದೊಡ್ಡ ಮಣ್ಣಿನ ಹಂಡೆಗಳಿಗೆ ಮುಚ್ಚಳ ಭದ್ರ ಮಾಡಿದ್ದರು. ಆ ಮನೆಯಲ್ಲಿ ನಾವು ಸ್ನಾನ ಮಾಡಿದ್ದು ಎರಡು ತಂಬಿಗೆ ನೀರಲ್ಲಿ. ನಮ್ಮೂರಿನ ಮಾರ್ಚ್ ತಿಂಗಳು ಹಾಗೇ ಅಲ್ವಾ, ನಮಗೇನೂ ಹೊಸದಲ್ಲ. ಟ್ಯಾಂಕರಿಗೆ ಕಾಯುವ ನಮ್ಮೂರ ಫೋಟೋ ತೋರಿಸಿದೆ. ಅವರು ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು.

ಊಟದ ವಿಷಯಕ್ಕೆ ಬಂದರೆ ವಿಯೆಟ್ನಾಂನಲ್ಲಿ "ಚಾಯ್", ಥಾಯ್ಲೆಂಡಿನಲ್ಲಿ "ಜೇ" ಅನ್ನುವ ಪದ ನಮ್ಮನ್ನು ಕಾಪಾಡಿದವು. ಎರಡೂ ಬೌದ್ಧರ ಸಸ್ಯಾಹಾರ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ವಿಯೆಟ್ನಾಂನಲ್ಲಿ ಎಷ್ಟೋ ಜನ ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ನಮಗೆ ಹಬ್ಬ.

ಮಲೇಷ್ಯಾದ ಪೆನಾಂಗ್‌ನಲ್ಲಿ ಒಂದು ವಾರ ಇಡ್ಲಿ, ದೋಸೆ ತಿಂದು ಚೇತರಿಸಿಕೊಂಡು ಜಾವಾಕ್ಕೆ ಹೋದೆವು. ಇಂಡೊನೇಷ್ಯಾ ಇಳಿದಲ್ಲೇ ವೀಸಾ ಕೊಡುತ್ತದೆ, ಅಲ್ಲಿಯ ದುಡ್ಡಲ್ಲಿ 5 ಲಕ್ಷ ರುಪಿಯಾ. ಅಷ್ಟು ಸೊನ್ನೆ ನೋಡಿ ಹೆದರಬೇಡಿ, ಆಗ ನಮ್ಮ ದುಡ್ಡಲ್ಲಿ 2,600ರ ಆಸುಪಾಸು. ಯೋಗ್ಯಕರ್ತಾದಲ್ಲಿ ಮೂರು ದಿನ ಇದ್ದು ಮುಂದೆ ಹೋಗುವ ಯೋಚನೆ ಇತ್ತು. ಏಪ್ರಿಲ್ 10 ರಂಜಾನ್ ಹಬ್ಬ ಅನ್ನುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಡೀ ದೇಶ ತವರಿಗೆ ಹೊರಟಿತ್ತು. ರೈಲಿಗೆ ಟಿಕೆಟ್ ಇಲ್ಲ, ಬಸ್ಸಿಗೆ ಟಿಕೆಟ್ ಇಲ್ಲ, ಹೋಟೆಲ್ ಬಾಗಿಲು ಮುಚ್ಚಿತ್ತು. ಹನ್ನೊಂದು ದಿನ ಅಲ್ಲೇ ಉಳಿದೆವು.

ಆ ಹನ್ನೊಂದು ದಿನವೇ ಈಗ ಜಾಸ್ತಿ ನೆನಪಾಗುತ್ತದೆ. ಮನೆಯೊಡತಿ ಹಬ್ಬದ ಹಿಂದಿನ ದಿನ ಎಳೆ ತೆಂಗಿನ ಗರಿಯಲ್ಲಿ ಚೌಕದ ಪುಟ್ಟ ಚೀಲ ಹೆಣೆಯುತ್ತಿದ್ದರು. ಒಳಗೆ ಅರ್ಧದಷ್ಟು ಅಕ್ಕಿ ತುಂಬಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಅಕ್ಕಿ ಉಬ್ಬಿ ಗಟ್ಟಿ ಕಡುಬಾಗುತ್ತದೆ. ಕೆತುಪಾತ್ ಅಂತ ಹೆಸರು. ಹಬ್ಬದ ದಿನ ಅಡುಗೆಗೆ ನಮಗಾಗಿ ಕೋಳಿ ಬಿಟ್ಟು, ತೆಂಗಿನ ಹಾಲಿನಲ್ಲಿ ಆಲೂಗಡ್ಡೆ, ತೆಂಪೆ (ಸೋಯಾ ಕಾಳು ಹುದುಗಿಸಿ ಮಾಡಿದ ಬಿಲ್ಲೆ) ಬೇಯಿಸಿ ಬೇರೆ ಪಾತ್ರೆಯಲ್ಲಿಟ್ಟಿದ್ದರು. ಚಪ್ಪರಕ್ಕೆ ಗರಿ ಹೆಣೆದ ಕೈ ಇವರದ್ದು, ಎರಡು ಗಂಟೆಯಲ್ಲಿ ಕಲಿತರು. ನನಗೆ ಎರಡು ದಿನ ಬೇಕಾಯಿತು.

ಬಾಲಿಯನ್ನು ಬೇಗ ಮುಗಿಸಿ ಮೇ 2ಕ್ಕೆ ಮನೆ ಸೇರಿದೆವು. ಇಬ್ಬರಿಗೂ ಸೇರಿ ಖರ್ಚು ಸುಮಾರು 5 ಲಕ್ಷ 10 ಸಾವಿರ, ಆಸ್ಪತ್ರೆಯದ್ದು ಬಿಟ್ಟು. ದುಡ್ಡು ಉಳಿದದ್ದು ನಿಧಾನ ಹೋಗಿದ್ದರಿಂದ. ಒಂದೇ ಕಡೆ ಒಂದು ವಾರ ಉಳಿದರೆ ಬಾಡಿಗೆ ಇಳಿಸುತ್ತಾರೆ, ಪ್ರಯಾಣದ ಖರ್ಚಿಲ್ಲ, ಅಡುಗೆಗೆ ಜಾಗ ಸಿಗುತ್ತದೆ. ನಾಲ್ಕು ದೇಶ ಸಾಕಿತ್ತು ಅಂತ ಈಗ ಅನ್ನಿಸುತ್ತದೆ.

ಅಷ್ಟರಲ್ಲಿ ಮೈದುನ ಬೆಂಬಲ ಬೆಲೆಗೆ ಹೆಸರು ನೋಂದಾಯಿಸಿದ್ದರು, ಕ್ವಿಂಟಾಲಿಗೆ 12,000. ಬಂದ ಮರುದಿನ ಇವರು ಏಣಿ ಹತ್ತಿ ಅಟ್ಟದಲ್ಲಿ ಒಂದು ಕಾಯಿ ಅಲ್ಲಾಡಿಸಿ ಕಿವಿಗೊಟ್ಟರು. "ಆಗಿದೆ ಕಣೇ" ಅಂತ ಮೇಲಿಂದಲೇ ಕೂಗಿದರು. ಸಂಜೆ ಹಿತ್ತಲಿನ ಮರದ ಎಳೆ ಗರಿ ಕುಯ್ದು ಎಂಟು ಕೆತುಪಾತ್ ಹೆಣೆದೆವು. ಅತ್ತೆ ಬಿಸಿ ಕಡುಬನ್ನು ಬೆಲ್ಲದ ಕಾಯಿಹಾಲಿಗೆ ಅದ್ದಿ ತಿಂದರು. ಬಿಚ್ಚಿದ ಗರಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ನಮ್ಮ ಮರದ್ದೇನಾ ಇದು?" ಅಂತ ಕೇಳಿದರು.