ಚಂಡಮಾರುತಕ್ಕೆ ಮುನ್ನ ಉದ್ಯಮದ ಇಂಧನ ಸಿದ್ಧತೆ ಹೇಗೆ?

ಜನರೇಟರ್ ಕೊಳ್ಳುವಾಗ ತೋರುವ ಮುತುವರ್ಜಿಯ ಕಾಲು ಭಾಗವನ್ನೂ ಅದಕ್ಕೆ ಬೇಕಾದ ಇಂಧನದ ವಿಷಯದಲ್ಲಿ ತೋರದ ಉದ್ಯಮಗಳನ್ನು ಹಲವು ಕಡೆ ಕಂಡಿದ್ದೇನೆ. ಟ್ಯಾಂಕ್ ತುಂಬಿದೆಯೆಂಬ ಧೈರ್ಯದಲ್ಲಿ ವರ್ಷಗಟ್ಟಲೆ ಕಳೆದು, ಬಿರುಗಾಳಿಯ ರಾತ್ರಿ ಯಂತ್ರ ಒಂದೆರಡು ಗಂಟೆ ಓಡಿ ನಿಂತಾಗ ಮೆಕ್ಯಾನಿಕ್‌ನನ್ನು ಹುಡುಕುವ ಪಾಡು ಯಾರಿಗೂ ಬರಬಾರದು. ಟ್ಯಾಂಕಿನಲ್ಲಿರುವ ಇಂಧನ ಬೇರೆ, ಎಂಜಿನ್ ತಲುಪುವ ಇಂಧನ ಬೇರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಿದ್ಧತೆ ಆರಂಭಿಸಬೇಕು.

ಮೊದಲ ಹೆಜ್ಜೆಯಾಗಿ, ವಿದ್ಯುತ್ ಹೋದಾಗ ಓಡಲೇಬೇಕಾದವುಗಳ ಪಟ್ಟಿ ಮಾಡಿ, ಉಳಿದುದನ್ನೆಲ್ಲ ಜನರೇಟರಿನ ಸಾಲಿನಿಂದ ಬೇರ್ಪಡಿಸಿ.

ಎರಡನೆಯದು ಲೆಕ್ಕ. ಸಾಮಾನ್ಯ ಡೀಸೆಲ್ ಜನರೇಟರಿಗೆ ಒಂದು ಯೂನಿಟ್ (ಒಂದು ಕಿಲೋವ್ಯಾಟ್-ಗಂಟೆ) ವಿದ್ಯುತ್ ಕೊಡಲು ಸುಮಾರು 0.3 ಲೀಟರ್ ಇಂಧನ ಬೇಕೆಂದು ಹಿಡಿಯಬಹುದು. ನಿಮ್ಮ ಅಗತ್ಯ ಹೊರೆ 60 ಕಿಲೋವ್ಯಾಟ್ ಆಗಿದ್ದರೆ ಗಂಟೆಗೆ 18 ಲೀಟರ್, 72 ಗಂಟೆಗೆ 1,296 ಲೀಟರ್ ಆಗುತ್ತದೆ. 1,500 ಲೀಟರಿನ ಟ್ಯಾಂಕ್ ಇದೆ, ಸಾಕು ಎಂದು ಇಲ್ಲಿಗೆ ಕೈಬಿಡುವವರೇ ಹೆಚ್ಚು. ಆದರೆ ಇಂಧನ ಹಿಗ್ಗಲು ಜಾಗ ಬಿಡಬೇಕಾದ್ದರಿಂದ ಟ್ಯಾಂಕನ್ನು 90 ಶೇಕಡಾಕ್ಕಿಂತ ಮೇಲೆ ತುಂಬದಿರುವುದು ಒಳ್ಳೆಯದು. ಇನ್ನು ಹೀರುಕೊಳವೆಯ ಬಾಯಿ ತಳದಿಂದ ಮೇಲಿರುವುದರಿಂದ ಕೆಳಗಿನ 5 ಶೇಕಡಾದಷ್ಟಾದರೂ ಎಂಜಿನ್‌ಗೆ ದಕ್ಕುವುದಿಲ್ಲ. ಉಳಿಯುವುದು 1,275 ಲೀಟರ್, ಅಂದರೆ ಮೂರನೆಯ ದಿನ ಮುಗಿಯುವ ಮೊದಲೇ ಕತ್ತಲೆ. ಹಗುರ ಹೊರೆಯಲ್ಲಿ ಪ್ರತಿ ಯೂನಿಟ್ಟಿಗೆ ಇಂಧನ ಹೆಚ್ಚು ಬೇಕಾಗುವುದರಿಂದ, ಅವಶ್ಯಕತೆಗಿಂತ ಬಹಳ ದೊಡ್ಡ ಜನರೇಟರ್ ಇಟ್ಟುಕೊಂಡವರು ಈ ಲೆಕ್ಕಕ್ಕೆ ಇನ್ನಷ್ಟು ಸೇರಿಸಬೇಕು.

ಮೂರನೆಯದು ಸಂಗ್ರಹಿಸಿದ ಇಂಧನವನ್ನು ಕೆಡದಂತೆ ಕಾಯುವುದು. ಹೆಚ್ಚಿನವರು ಸೋಲುವುದು ಇಲ್ಲಿಯೇ. ಆರೈಕೆಯಿಲ್ಲದೆ ಇಟ್ಟ ಡೀಸೆಲ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಮಾತ್ರ ನಂಬಿಕೆಗೆ ಅರ್ಹ. ಅರ್ಧ ತುಂಬಿದ ಟ್ಯಾಂಕಿನ ಖಾಲಿ ಭಾಗದ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಗೋಡೆಗಳ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳದಲ್ಲಿ ಪದರವಾಗಿ ನಿಲ್ಲುತ್ತದೆ. ನೀರೂ ಡೀಸೆಲ್ಲೂ ಕೂಡುವ ಆ ಗೆರೆಯಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಬೆಳೆದು ಲೋಳೆಯಾಗುತ್ತವೆ. ಜೈವಿಕ ಡೀಸೆಲ್ ಬೆರೆತ ಇಂಧನ ತೇವವನ್ನು ಹೆಚ್ಚು ಹೀರುವುದರಿಂದ ಅದರಲ್ಲಿ ಈ ಅಪಾಯವೂ ಹೆಚ್ಚು. ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ ನೋಡುವಾಗ ಇದಾವುದೂ ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ಓಡಿ ಮಟ್ಟ ಕೆಳಗಿಳಿದಾಗ, ಇಲ್ಲವೇ ಬಿರುಗಾಳಿಯ ನಡುವೆ ಟ್ಯಾಂಕರಿನಿಂದ ರಭಸವಾಗಿ ತುಂಬಿಸಿ ತಳ ಕದಡಿದಾಗ, ಆ ಕೆಸರು ಫಿಲ್ಟರಿಗೆ ಬಂದು ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ.

ಪರೀಕ್ಷೆ ಕಷ್ಟವಲ್ಲ. ಅಳತೆಕೋಲಿನ ತುದಿಗೆ ನೀರು ಪತ್ತೆಹಚ್ಚುವ ಪೇಸ್ಟ್ ಸವರಿ ತಳ ಮುಟ್ಟುವವರೆಗೆ ಇಳಿಸಿ, ಸ್ವಲ್ಪ ಹೊತ್ತು ಹಿಡಿದು ಮೇಲೆತ್ತಿ. ಎಷ್ಟು ಎತ್ತರಕ್ಕೆ ಬಣ್ಣ ಬದಲಾಗಿದೆಯೋ ಅಷ್ಟು ನೀರಿದೆ ಎಂದರ್ಥ. ಬಳಿಕ ತಳದ ನಲ್ಲಿಯಿಂದ ಗಾಜಿನ ಜಾಡಿಗೆ ಮಾದರಿ ತೆಗೆದು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ. ಮಬ್ಬಾಗಿದ್ದರೆ ತೇವ ಸೇರಿದೆ. ಎರಡು ಪದರಗಳ ನಡುವೆ ಕಂದು ಬಣ್ಣದ ನೂಲುನೂಲಾದ ಲೋಳೆ ತೂಗುತ್ತಿದ್ದರೆ ಜೀವಾಣುಗಳು ಬೇರೂರಿವೆ. ಆಗ ನೀರನ್ನು ಪೂರ್ತಿ ಹೊರತೆಗೆದು, ಜೀವಾಣುನಾಶಕ ಹಾಕಿ, ಇಂಧನವನ್ನು ಯಂತ್ರದಲ್ಲಿ ಸೋಸಿಸಬೇಕು. ನಾಶಕ ಸುರಿದು ಸುಮ್ಮನಾದರೆ ಸತ್ತ ಲೋಳೆಯೇ ಫಿಲ್ಟರನ್ನು ಕಟ್ಟುತ್ತದೆ. ಹಳೆಯ ಡೀಸೆಲನ್ನು ಹೊಸದಾಗಿಸುತ್ತೇವೆಂದು ಮಾರುವ ಸೀಸೆಗಳಿಗೆ ಹಣ ಕೊಡಬೇಡಿ. ಕೆಡುವುದನ್ನು ನಿಧಾನಿಸುವ ಸ್ಟೆಬಿಲೈಸರ್‌ಗಳು ತಾಜಾ ಇಂಧನಕ್ಕೆ ಸೇರಿಸಿದಾಗ ಮಾತ್ರ ಫಲ ಕೊಡುತ್ತವೆ, ಕೆಟ್ಟದ್ದನ್ನು ಸರಿಪಡಿಸುವುದಿಲ್ಲ. ಒಳಗೆ ಸತುವಿನ ಲೇಪವಿರುವ ಅಗ್ಗದ ಟ್ಯಾಂಕುಗಳೂ ಬೇಡ, ಸತು ಡೀಸೆಲ್‌ನೊಂದಿಗೆ ವರ್ತಿಸಿ ಫಿಲ್ಟರುಗಳನ್ನು ಹಾಳುಮಾಡುತ್ತದೆ. ಫಿಲ್ಟರುಗಳನ್ನಂತೂ ಕನಿಷ್ಠ ಎರಡು ಜೊತೆ ಜನರೇಟರಿನ ಪಕ್ಕದಲ್ಲೇ ಇಡಿ, ಅವುಗಳನ್ನು ಬದಲಿಸಿ ಇಂಧನದ ಕೊಳವೆಯಲ್ಲಿ ಸೇರಿಕೊಂಡ ಗಾಳಿ ತೆಗೆಯುವುದನ್ನು ಪ್ರತಿ ಪಾಳಿಯಲ್ಲಿ ಒಬ್ಬರಿಗಾದರೂ ಕಲಿಸಿ. ಪೆಟ್ರೋಲ್ ಜನರೇಟರಿನ ಮೇಲೆ ದೊಡ್ಡ ಸಿದ್ಧತೆಯನ್ನು ನಿಲ್ಲಿಸಬೇಡಿರೆಂಬುದು ನನ್ನ ದೃಢವಾದ ಸಲಹೆ. ಪೆಟ್ರೋಲ್ ಬೇಗ ಕೆಡುತ್ತದೆ, ಅದರ ಆವಿ ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹರಡಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ.

ನಾಲ್ಕನೆಯದಾಗಿ, ಟ್ಯಾಂಕಿನಿಂದ ಎಂಜಿನ್‌ವರೆಗಿನ ಇಡೀ ದಾರಿಯನ್ನು ನಡೆದು ನೋಡಿ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿದಾಗ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರುಗಳು 13ನೆಯ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಆದರೆ ಇಂಧನವನ್ನು ಮೇಲೇರಿಸುವ ಪಂಪುಗಳು ನೆಲಮಾಳಿಗೆಯಲ್ಲಿ ಮುಳುಗಿದವು. ಸಿಬ್ಬಂದಿಯೂ ನ್ಯಾಷನಲ್ ಗಾರ್ಡ್ ಸೈನಿಕರೂ ಮೆಟ್ಟಿಲುಗಳ ಮೇಲೆ ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ಇಂಧನ ಸಾಗಿಸಿದರು; ಕೊನೆಗೆ ರೋಗಿಗಳನ್ನು ಬೇರೆಡೆಗೆ ಒಯ್ಯಬೇಕಾಯಿತು. ಆದ್ದರಿಂದ ಪಂಪು, ಅದರ ಸ್ವಿಚ್ಚು, ಗಾಳಿಕೊಳವೆ, ತುಂಬುವ ಬಾಯಿ ಎಲ್ಲವೂ ನೆರೆಯ ಮಟ್ಟಕ್ಕಿಂತ ಮೇಲಿರಲಿ, ಜೊತೆಗೊಂದು ಕೈಪಂಪು ಇರಲಿ. ಟ್ಯಾಂಕನ್ನು ನೆಲಕ್ಕೆ ಬಿಗಿಯಾಗಿ ಕಟ್ಟಿಸಿ, ಏಕೆಂದರೆ 1,000 ಲೀಟರಿನ ಖಾಲಿ ಟ್ಯಾಂಕ್ ಪೂರ್ತಿ ಮುಳುಗಿದರೆ ನೀರು ಅದನ್ನು ಸುಮಾರು ಒಂದು ಟನ್ ಬಲದಿಂದ ಮೇಲೆತ್ತುತ್ತದೆ.

ಐದನೆಯದು ಪೂರೈಕೆದಾರರೊಡನೆ ಒಪ್ಪಂದ. ಬಾಯಿಮಾತಿನ ಭರವಸೆಯನ್ನು ಒಪ್ಪಂದವೆಂದು ತಿಳಿಯಬೇಡಿ. ತುರ್ತು ಸಮಯದಲ್ಲಿ ಆಸ್ಪತ್ರೆಗಳಿಗೂ ರಕ್ಷಣಾ ಕಾರ್ಯಕ್ಕೂ ಇಂಧನ ಮೊದಲು ಹೋಗುತ್ತದೆ, ಹೋಗಬೇಕು ಕೂಡ. ಆ ನಂತರದ ಸರದಿಯಲ್ಲಿ ನೀವು ಎಷ್ಟನೆಯವರು, ಎಷ್ಟು ಗಂಟೆಯೊಳಗೆ ಎಷ್ಟು ಲೀಟರ್ ಬರುತ್ತದೆ ಎಂಬುದು ಬರವಣಿಗೆಯಲ್ಲಿರಲಿ. ಎರಡನೆಯ ಪೂರೈಕೆದಾರರನ್ನೂ ಗೊತ್ತು ಮಾಡಿಕೊಳ್ಳಿ, ಆದರೆ ಇಬ್ಬರೂ ಒಂದೇ ಡಿಪೋದಿಂದ ತರುವವರಾದರೆ ಆ ಡಿಪೋ ಮುಚ್ಚಿದ ದಿನ ಇಬ್ಬರೂ ಇಲ್ಲದಂತೆಯೇ. ಡಿಪೋದಲ್ಲಿ ಟ್ಯಾಂಕರ್ ತುಂಬುವ ಪಂಪುಗಳಿಗೆ ಸ್ವಂತ ಜನರೇಟರ್ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಸ್ಯಾಂಡಿಯ ಬಳಿಕ ಇಂಧನವಿದ್ದೂ ವಿದ್ಯುತ್ತಿಲ್ಲದೆ ಎಷ್ಟೋ ಬಂಕುಗಳು ಮುಚ್ಚಿದ್ದವು. ಟ್ಯಾಂಕರ್ ನಿಮ್ಮ ಗೇಟಿನೊಳಗೆ ತಿರುಗುವುದೇ, ಕೊಳವೆ ತಲುಪುವುದೇ, ಕೊಳವೆ ಜೋಡಿಸುವ ಕಪ್ಲಿಂಗ್ ಹೊಂದುವುದೇ ಎಂಬುದನ್ನು ಬಿಸಿಲಿನ ದಿನವೊಂದರಲ್ಲಿ ನಿಜವಾಗಿ ತರಿಸಿ ನೋಡಿ. ನಡುರಾತ್ರಿ ಹಣ ಮಂಜೂರು ಮಾಡುವ ಅಧಿಕಾರ ಯಾರಿಗಿದೆ ಎಂಬುದೂ ಮೊದಲೇ ತೀರ್ಮಾನವಾಗಿರಲಿ.

ಮಳೆಗಾಲದುದ್ದಕ್ಕೂ ವಾಹನಗಳ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಿರಲಿ. ತಿಂಗಳಿಗೊಮ್ಮೆ ಜನರೇಟರನ್ನು ಅದರ ಸಾಮರ್ಥ್ಯದ ಕನಿಷ್ಠ 30 ಶೇಕಡಾ ಹೊರೆಯೊಡನೆ 30 ನಿಮಿಷ ಓಡಿಸಿ, ಸ್ಟಾರ್ಟರ್ ಬ್ಯಾಟರಿಯನ್ನು ಅಂದೇ ಪರೀಕ್ಷಿಸಿ. ಮುನ್ಸೂಚನೆ ಬಂದ ಕೂಡಲೇ ಟ್ಯಾಂಕನ್ನು 90 ಶೇಕಡಾ ಮಟ್ಟದವರೆಗೆ ತುಂಬಿಸಿ, ಕದಡಿದ ತಳ ಮತ್ತೆ ಕೂರಲು ಒಂದು ದಿನವಾದರೂ ಬಿಡಿ. ನೆರೆ ಇಳಿದ ಮೇಲೆ, ಟ್ಯಾಂಕಿನ ಸುತ್ತ ನೀರು ನಿಂತಿದ್ದರೆ, ತಳದ ಮಾದರಿಯನ್ನು ಜಾಡಿಯಲ್ಲಿ ನೋಡುವವರೆಗೆ ಎಂಜಿನ್ ಚಾಲೂ ಮಾಡಬೇಡಿ.